ಆವಿಗೆ, ಜಮಾಖರ್ಚು, ಜೋಳಿಗೆ: ಉದ್ಯಮಿ ಭಿಕ್ಷು ಕಜುವೊ ಇನಾಮೊರಿ

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಆಲ್ಫ್ರೆಡ್ ಎಂಬ ಪುಟ್ಟ ಊರಿದೆ. ಅಲ್ಲಿನ ವಿಶ್ವವಿದ್ಯಾಲಯದ ಎಂಜಿನಿಯರಿಂಗ್ ಶಾಲೆಗೆ 2005ರಿಂದ ಕಜುವೊ ಇನಾಮೊರಿ ಎಂಬ ಜಪಾನಿ ಉದ್ಯಮಿಯ ಹೆಸರಿದೆ. ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲಿರುವ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದಲ್ಲಿ 2006ರಲ್ಲಿ ಆರಂಭವಾದ ನೀತಿಶಾಸ್ತ್ರ ಕೇಂದ್ರಕ್ಕೂ ಅದೇ ಹೆಸರು. ಒಂದು ಕಡೆ ಬೆಂಕಿಯಲ್ಲಿ ಬೆಂದು ಗಟ್ಟಿಯಾಗುವ ವಸ್ತುಗಳ ವಿದ್ಯೆ, ಇನ್ನೊಂದು ಕಡೆ ಸರಿ ತಪ್ಪುಗಳ ವಿದ್ಯೆ. ಎರಡಕ್ಕೂ ಹೆಸರು ಕೊಟ್ಟವರು ಒಬ್ಬರೇ. ಅವರು ಎರಡು ದೊಡ್ಡ ಕಂಪನಿಗಳನ್ನು ಸ್ಥಾಪಿಸಿದರು, ಅರವತ್ತೈದನೆಯ ವಯಸ್ಸಿನಲ್ಲಿ ತಲೆ ಬೋಳಿಸಿಕೊಂಡು ಝೆನ್ ಎಂಬ ಬೌದ್ಧ ಪಂಥದ ದೀಕ್ಷೆ ಪಡೆದರು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ದಿವಾಳಿಯಾದ ಒಂದು ವಿಮಾನ ಕಂಪನಿಯನ್ನು ಸಂಬಳವಿಲ್ಲದೆ ನಡೆಸಿದರು.

ಈ ಜೀವನವನ್ನು ಸಾಮಾನ್ಯವಾಗಿ ಎರಡು ಭಾಗ ಮಾಡಿ ಹೇಳುತ್ತಾರೆ. ಮೊದಲು ದುಡಿದರು, ಗಳಿಸಿದರು. ಆಮೇಲೆ ವೈರಾಗ್ಯ ಬಂತು, ಮಠಕ್ಕೆ ಹೋದರು. ಕೇಳಲು ಚೆನ್ನಾಗಿದೆ, ಆದರೆ ನಡೆದದ್ದು ಹಾಗಲ್ಲ. ಅವರ ಕಾರ್ಖಾನೆಯ ಲೆಕ್ಕದ ಪುಸ್ತಕ ಹೇಗೆ ಕೆಲಸ ಮಾಡುತ್ತಿತ್ತು ಎಂಬುದನ್ನು ತಿಳಿದುಕೊಂಡರೆ ಆ ದೀಕ್ಷೆ ತಿರುವಿನಂತೆ ಕಾಣುವುದಿಲ್ಲ. ಅದೇ ದಾರಿಯಲ್ಲಿ ಇಟ್ಟ ಮುಂದಿನ ಹೆಜ್ಜೆಯಂತೆ ಕಾಣುತ್ತದೆ.

ಇನಾಮೊರಿ ಹುಟ್ಟಿದ್ದು 1932ರ ಜನವರಿಯಲ್ಲಿ, ಜಪಾನಿನ ದಕ್ಷಿಣ ತುದಿಯ ಕಾಗೊಶಿಮಾದಲ್ಲಿ. ತಂದೆ ಮುದ್ರಣಾಲಯ ನಡೆಸುತ್ತಿದ್ದರು, ಏಳು ಮಕ್ಕಳಲ್ಲಿ ಇವರು ಎರಡನೆಯವರು. ನಾಲ್ಕೈದು ವರ್ಷದವರಿದ್ದಾಗ ತಂದೆ ಅವರನ್ನು ರಾತ್ರಿ ಲಾಟೀನು ಹಿಡಿದು ಬೆಟ್ಟದ ದಾರಿಯಲ್ಲಿ ಒಂದು ಮನೆಗೆ ಕರೆದುಕೊಂಡು ಹೋದರು. ಆ ಸೀಮೆಯನ್ನು ಆಳುತ್ತಿದ್ದ ಸತ್ಸುಮಾ ಪ್ರಭುಗಳು ಅಮಿತಾಭ ಬುದ್ಧನನ್ನು ಭಜಿಸುವ ಶಿನ್ ಪಂಥವನ್ನು ಸುಮಾರು ಮುನ್ನೂರು ವರ್ಷ ನಿಷೇಧಿಸಿದ್ದರು. ಜನ ಗುಟ್ಟಾಗಿ ಸೇರಿ ನಾಮಸ್ಮರಣೆ ಮಾಡುತ್ತಿದ್ದರು. 1876ರಲ್ಲಿ ನಿಷೇಧ ತೆರವಾದರೂ ರಾತ್ರಿ ಸೇರುವ ರೂಢಿ ಉಳಿದಿತ್ತು. ಅಲ್ಲಿದ್ದ ಭಿಕ್ಷು ಬಾಲಕನಿಗೆ ಹೇಳಿಕೊಟ್ಟದ್ದು ಇಷ್ಟೇ: ದಿನವೂ ‘ನಾನ್‌ಮಾನ್, ನಾನ್‌ಮಾನ್, ಅರಿಗಾತೊ’ ಎನ್ನು. ನಾನ್‌ಮಾನ್ ಎಂಬುದು ‘ನಮೋ ಅಮಿತಾಭ’ ಎಂಬುದರ ಆಡುಮಾತಿನ ರೂಪ. ಅರಿಗಾತೊ ಎಂದರೆ ಕೃತಜ್ಞತೆ. ಆ ಮಾತು ತಮ್ಮ ಬಾಯಿಂದ ಕೊನೆಯವರೆಗೂ ತಾನಾಗಿಯೇ ಹೊರಡುತ್ತಿತ್ತೆಂದು ಇನಾಮೊರಿ ಅನೇಕ ಕಡೆ ಹೇಳಿಕೊಂಡಿದ್ದಾರೆ. ಅಂದರೆ ಧರ್ಮ ಅವರ ಬದುಕಿಗೆ ಬಂದದ್ದು ನಿವೃತ್ತಿಯ ನಂತರವಲ್ಲ.

ಬಾಲ್ಯ ಸುಲಭದ್ದಾಗಿರಲಿಲ್ಲ. ಹದಿಹರೆಯಕ್ಕೆ ಕಾಲಿಡುವ ಹೊತ್ತಿಗೆ ಕ್ಷಯ ತಗುಲಿತು. ಬಯಸಿದ ಶಾಲೆಯ ಪ್ರವೇಶ ಪರೀಕ್ಷೆಯಲ್ಲಿ ಎರಡು ಸಲ ಅನುತ್ತೀರ್ಣರಾದರು. ಬಯಸಿದ ವಿಶ್ವವಿದ್ಯಾಲಯವೂ ಸಿಗದೆ ತಮ್ಮೂರಿನಲ್ಲೇ ಅನ್ವಯಿಕ ರಸಾಯನಶಾಸ್ತ್ರ ಓದಿದರು. 1955ರಲ್ಲಿ ಕೆಲಸ ಸಿಕ್ಕಿದ್ದು ಕ್ಯೋಟೊ ನಗರದ ಒಂದು ಪಿಂಗಾಣಿ ಇನ್ಸುಲೇಟರ್ ಕಾರ್ಖಾನೆಯಲ್ಲಿ. ಅಲ್ಲಿ ಸಂಬಳವೇ ಸಮಯಕ್ಕೆ ಬರುತ್ತಿರಲಿಲ್ಲ. ಜೊತೆಗೆ ಸೇರಿದವರು ಒಬ್ಬೊಬ್ಬರಾಗಿ ಬಿಟ್ಟು ಹೋದರು. ಇವರು ಅಕ್ಕಿ, ಪಾತ್ರೆಗಳನ್ನು ಪ್ರಯೋಗಾಲಯಕ್ಕೇ ತಂದಿಟ್ಟುಕೊಂಡು ಅಲ್ಲೇ ಬೇಯಿಸಿ ತಿಂದು, ಅಲ್ಲೇ ಮಲಗಿದರು.

ಅವರು ಬೆನ್ನು ಹತ್ತಿದ್ದ ವಸ್ತು ಫಾರ್‌ಸ್ಟರೈಟ್. ವಿದ್ಯುತ್ತನ್ನು, ಅದರಲ್ಲೂ ಹೆಚ್ಚಿನ ಕಂಪನಾಂಕದ ವಿದ್ಯುತ್ತನ್ನು, ಸೋರಗೊಡದ ಸೆರಾಮಿಕ್ ಇದು. ಅದರ ಪುಡಿ ಹಿಡಿದು ನಿಲ್ಲುತ್ತಿರಲಿಲ್ಲ. ಮಡಕೆ ಮಾಡುವವರಂತೆ ಜೇಡಿಮಣ್ಣು ಬೆರೆಸಿದರೆ ಶುದ್ಧತೆ ಕೆಡುತ್ತಿತ್ತು. ಒಂದು ದಿನ ನೆಲದ ಮೇಲಿದ್ದ ಮೇಣ ಅವರ ಬೂಟಿಗೆ ಅಂಟಿತು. ಬೈಯುತ್ತ ಕೆಳಗೆ ನೋಡಿದಾಗ ಉತ್ತರ ಹೊಳೆಯಿತು: ಪುಡಿಗೆ ಮೇಣ ಬೆರೆಸಿ ಅಚ್ಚು ಹಾಕಿದರೆ ಆಕಾರ ನಿಲ್ಲುತ್ತದೆ, ಆವಿಗೆಯ ಶಾಖಕ್ಕೆ ಮೇಣ ಸುಟ್ಟುಹೋಗುತ್ತದೆ, ಒಳಗೆ ಕಲ್ಮಶವೇನೂ ಉಳಿಯುವುದಿಲ್ಲ. ಆ ತಂತ್ರದಿಂದ ತಯಾರಾದ ಬಿಡಿಭಾಗಗಳು ಟಿವಿಯ ಚಿತ್ರನಳಿಗೆಗಳಿಗೆ ಹೋದವು. ನನಗೆ ಈ ಪ್ರಸಂಗ ಮುಖ್ಯವೆನಿಸುವುದು ಅವರು ಅದನ್ನು ವಿವರಿಸಿದ ರೀತಿಗಾಗಿ. ‘ನನ್ನ ಬುದ್ಧಿ’ ಎಂದು ಅವರು ಹೇಳಲಿಲ್ಲ. ಕೊನೆಯವರೆಗೆ ಪಟ್ಟುಬಿಡದೆ ದುಡಿಯುವವನಿಗೆ ದೈವ ಕಿವಿಯಲ್ಲಿ ಪಿಸುಗುಡುತ್ತದೆ ಎಂಬ ಅರ್ಥದ ಮಾತು ಹೇಳಿದರು. ಎಂಜಿನಿಯರ್ ಮತ್ತು ಭಕ್ತ ಆಗಲೇ ಒಂದೇ ಮೈಯಲ್ಲಿದ್ದರು.

ಸಂಶೋಧನೆಯ ಮುಖ್ಯಸ್ಥರೊಡನೆ ಮನಸ್ತಾಪವಾಗಿ ಕೆಲಸ ಬಿಟ್ಟರು. 1959ರ ಏಪ್ರಿಲ್ 1ರಂದು 30 ಲಕ್ಷ ಯೆನ್ ಬಂಡವಾಳ ಮತ್ತು 28 ಜನರೊಂದಿಗೆ ‘ಕ್ಯೋಟೊ ಸೆರಾಮಿಕ್’ ಆರಂಭವಾಯಿತು. ಬೆಂಬಲಕ್ಕೆ ನಿಂತ ಹಿರಿಯರೊಬ್ಬರು ತಮ್ಮ ಮನೆಯನ್ನೇ ಅಡವಿಟ್ಟು ಒಂದು ಕೋಟಿ ಯೆನ್ ಸಾಲ ಕೊಡಿಸಿದ್ದರು. ಇದೇ ಇಂದಿನ ಕ್ಯೋಸೆರಾ.

ಎರಡನೆಯ ವರ್ಷ ಕಳೆದು ಮೂರನೆಯದಕ್ಕೆ ಕಾಲಿಟ್ಟಾಗ ಹನ್ನೊಂದು ಮಂದಿ ಯುವ ಕೆಲಸಗಾರರು ಒಂದು ಪತ್ರ ತಂದಿಟ್ಟರು. ವೇತನ ಹೆಚ್ಚಳಕ್ಕೂ ಬೋನಸ್ಸಿಗೂ ಖಾತ್ರಿ ಕೊಡಿ, ಇಲ್ಲವಾದರೆ ಎಲ್ಲರೂ ಬಿಡುತ್ತೇವೆ ಎಂದು ರಕ್ತದ ಮುದ್ರೆ ಒತ್ತಿದ ಪತ್ರ. ನಾಳೆ ಕಂಪನಿ ಇರುತ್ತದೆಯೋ ಇಲ್ಲವೋ ಎಂಬ ಸ್ಥಿತಿಯಲ್ಲಿ ಅಂಥ ಖಾತ್ರಿ ಸುಳ್ಳಾಗುತ್ತಿತ್ತು. ಇನಾಮೊರಿ ಅವರನ್ನು ತಮ್ಮ ಚಿಕ್ಕ ಮನೆಗೆ ಕರೆದೊಯ್ದು ಮೂರು ದಿನ ಮಾತನಾಡಿದರು. ಹುಡುಗರು ಉಳಿದರು. ಆದರೆ ಇನಾಮೊರಿಯವರ ನಿದ್ದೆ ಹೋಯಿತು. ತಮ್ಮ ತಂತ್ರಜ್ಞಾನವನ್ನು ಜಗತ್ತಿಗೆ ತೋರಿಸಲೆಂದು ಅವರು ಕಂಪನಿ ಕಟ್ಟಿದ್ದರು. ಈಗ ನೋಡಿದರೆ ಹನ್ನೊಂದು ಮನೆಗಳ ಭವಿಷ್ಯ ಅವರ ಹೆಗಲ ಮೇಲಿದೆ. ಊರಲ್ಲಿರುವ ಸ್ವಂತ ತಮ್ಮ ತಂಗಿಯರಿಗೇ ಸರಿಯಾಗಿ ನೆರವಾಗಲು ಆಗದಿರುವಾಗ ಇದೇನು ಹೊರೆ ಎಂದು ಕೊರಗಿದರು. ಆ ಕೊರಗಿನಿಂದ ಕಂಪನಿಯ ಧ್ಯೇಯವಾಕ್ಯ ಬದಲಾಯಿತು. ಎಲ್ಲ ನೌಕರರ ಭೌತಿಕ ಮತ್ತು ಮಾನಸಿಕ ಸುಖ ಮೊದಲ ಗುರಿ, ಅದರ ಜೊತೆಗೆ ಮನುಕುಲದ ಹಾಗೂ ಸಮಾಜದ ಏಳಿಗೆಗೆ ದುಡಿಯುವುದು ಎರಡನೆಯದು. ಷೇರುದಾರರ ಮಾತು ಆ ವಾಕ್ಯದಲ್ಲಿ ಇಲ್ಲವೇ ಇಲ್ಲ.

ಇನ್ನು ಲೆಕ್ಕದ ಪುಸ್ತಕಕ್ಕೆ ಬರೋಣ. ಇಡೀ ಕಥೆಯ ಕೀಲಿ ಇಲ್ಲಿದೆ, ಸ್ವಲ್ಪ ತಾಳ್ಮೆ ಬೇಕು.

ಕಂಪನಿ ಬೆಳೆದಂತೆ ಒಬ್ಬನೇ ಎಲ್ಲವನ್ನೂ ನೋಡಿಕೊಳ್ಳಲಾಗಲಿಲ್ಲ. ಇನಾಮೊರಿ ಕಾರ್ಖಾನೆಯನ್ನು ಸಣ್ಣ ಸಣ್ಣ ತಂಡಗಳಾಗಿ ಒಡೆದರು. ಬೇಕಾದಂತೆ ಹಿಗ್ಗುತ್ತ, ಕುಗ್ಗುತ್ತ, ಎರಡಾಗಿ ಸೀಳಿಕೊಳ್ಳುತ್ತ ಬದುಕುವ ಏಕಕೋಶ ಜೀವಿಯ ನೆನಪಿನಲ್ಲಿ ಅವುಗಳಿಗೆ ‘ಅಮೀಬಾ’ ಎಂಬ ಹೆಸರು ಬಂತು. ಪ್ರತಿ ಅಮೀಬಾವೂ ಒಂದು ಪುಟ್ಟ ಅಂಗಡಿಯಂತೆ. ಪುಡಿ ಬೆರೆಸುವ ತಂಡ ತನ್ನ ಮಿಶ್ರಣವನ್ನು ಅಚ್ಚು ಹಾಕುವ ತಂಡಕ್ಕೆ ‘ಮಾರುತ್ತದೆ’. ಅಚ್ಚಿನವರು ಆವಿಗೆಯವರಿಗೆ, ಆವಿಗೆಯವರು ತಪಾಸಣೆಯವರಿಗೆ. ಹಣ ಕೈ ಬದಲಾಗುವುದಿಲ್ಲ, ಲೆಕ್ಕದಲ್ಲಿ ಮಾತ್ರ ಬರೆಯಲಾಗುತ್ತದೆ. ತಂಡದ ಮಾರಾಟದಿಂದ ಕೂಲಿಯೊಂದನ್ನು ಬಿಟ್ಟು ಉಳಿದೆಲ್ಲ ಖರ್ಚು ಕಳೆಯಿರಿ. ಬಂದದ್ದನ್ನು ತಂಡದವರು ದುಡಿದ ಒಟ್ಟು ಗಂಟೆಗಳಿಂದ ಭಾಗಿಸಿ. ಸಿಗುವ ಸಂಖ್ಯೆಯೇ ಗಂಟೆಗೆ ಎಷ್ಟು ಮೌಲ್ಯ ಸೇರಿಸಿದೆವು ಎಂಬುದು. ವಾಣಿಜ್ಯ ಓದದ ಕೆಲಸಗಾರನಿಗೂ ಇದು ಅರ್ಥವಾಗುತ್ತದೆ. ಮನೆಯ ಖರ್ಚಿನ ಪುಸ್ತಕ ಬರೆಯುವವರಿಗೆ ಹೊಸದೇನೂ ಅಲ್ಲ. ಆ ಸಂಖ್ಯೆಯನ್ನು ಎಲ್ಲರಿಗೂ ತೋರಿಸಲಾಗುತ್ತಿತ್ತು.

ಈಗ ತೊಡಕು ನೋಡಿ. ಅಚ್ಚಿನ ತಂಡ ತನ್ನ ಬೆಲೆಯನ್ನು ಹೆಚ್ಚಿಸಿದರೆ ಅದರ ಸಂಖ್ಯೆ ಏರುತ್ತದೆ, ಆವಿಗೆಯವರದು ಇಳಿಯುತ್ತದೆ. ಹೊರಗಿನ ಗ್ರಾಹಕ ಕೊಡುವ ಬೆಲೆ ಒಂದೇ ಆಗಿರುವಾಗ ಒಳಗೆ ಅದನ್ನು ಹಂಚಿಕೊಳ್ಳುವುದರಲ್ಲಿ ಜಗಳ ಖಂಡಿತ. ಪ್ರತಿ ತಂಡಕ್ಕೂ ತನ್ನ ಲಾಭವೇ ಮುಖ್ಯವಾದರೆ ಕಂಪನಿ ಒಳಗಿಂದಲೇ ಹರಿದುಹೋಗುತ್ತದೆ. ಯಾವ ಸೂತ್ರವೂ ಈ ಜಗಳವನ್ನು ಬಗೆಹರಿಸುವುದಿಲ್ಲ. ಬಗೆಹರಿಸಬೇಕಾದವನು ನ್ಯಾಯವಾಗಿ ಯೋಚಿಸುವ, ಎರಡೂ ಕಡೆಯವರು ನಂಬುವ ಒಬ್ಬ ಮನುಷ್ಯ. ಆದ್ದರಿಂದ ಇನಾಮೊರಿ ಎರಡು ಕೆಲಸ ಮಾಡಿದರು. ಒಂದು, ಆ ಸಂಖ್ಯೆಯನ್ನು ಸಂಬಳಕ್ಕೆ ನೇರವಾಗಿ ಕಟ್ಟಲಿಲ್ಲ; ಗೆದ್ದ ತಂಡಕ್ಕೆ ಸಿಗುತ್ತಿದ್ದುದು ಎಲ್ಲರೆದುರು ಮೆಚ್ಚುಗೆ. ಎರಡು, ‘ಮನುಷ್ಯನಾಗಿ ಯಾವುದು ಸರಿ?’ ಎಂಬ ಪ್ರಶ್ನೆಯನ್ನು ಪ್ರತಿ ನಿರ್ಧಾರದ ಅಳತೆಗೋಲು ಮಾಡಿದರು. ಮೋಸ ಮಾಡಬೇಡ, ಸುಳ್ಳು ಹೇಳಬೇಡ, ದುರಾಸೆ ಬೇಡ ಎಂದು ಹೆತ್ತವರು ಹೇಳಿಕೊಟ್ಟದ್ದನ್ನೇ ಕಾರ್ಖಾನೆಯ ನಿಯಮವಾಗಿಸಿದರು.

ಇಲ್ಲಿ ನೀತಿ ಎಂಬುದು ಲಾಭದ ಮೇಲೆ ಹಚ್ಚಿದ ಬಣ್ಣವಲ್ಲ. ಅದಿಲ್ಲದಿದ್ದರೆ ಆ ಲೆಕ್ಕವಿಧಾನವೇ ನಡೆಯುವುದಿಲ್ಲ. ಅಮೀಬಾ ಪದ್ಧತಿಯನ್ನು ಅನುಕರಿಸಿದವರು ಕೋಷ್ಟಕಗಳನ್ನು ಮಾತ್ರ ಎತ್ತಿಕೊಂಡು ಹೋದರೆ ಅವರಿಗೆ ಉಳಿಯುವುದು ತಂಡಗಳ ಒಳಜಗಳ ಮಾತ್ರ.

ಇದೇ ಯೋಚನೆಯನ್ನು ಅವರು ಒಂದು ಗುಣಾಕಾರದಲ್ಲಿ ಹೇಳುತ್ತಿದ್ದರು: ಬದುಕಿನ ಫಲ = ಮನೋಭಾವ × ಶ್ರಮ × ಸಾಮರ್ಥ್ಯ. ಶ್ರಮಕ್ಕೂ ಸಾಮರ್ಥ್ಯಕ್ಕೂ ಸೊನ್ನೆಯಿಂದ 100ರವರೆಗೆ ಅಂಕ. 90 ಸಾಮರ್ಥ್ಯದವನು 30ರಷ್ಟು ಮಾತ್ರ ದುಡಿದರೆ 2,700. 60 ಸಾಮರ್ಥ್ಯದವನು 90ರಷ್ಟು ದುಡಿದರೆ 5,400. ಇಷ್ಟಾದರೆ ಯಾವ ಮೇಷ್ಟರಾದರೂ ಹೇಳುವ ಮಾತು. ಆದರೆ ಮನೋಭಾವಕ್ಕೆ ಅವರು ಕೊಟ್ಟ ಅಂಕ ಋಣ 100ರಿಂದ ಧನ 100ರವರೆಗೆ. ಕೂಡುವ ಲೆಕ್ಕವಾಗಿದ್ದರೆ ಕೆಟ್ಟ ಮನಸ್ಸು ಒಂದಷ್ಟು ಅಂಕ ಕಡಿಮೆ ಮಾಡುತ್ತಿತ್ತು, ಅಷ್ಟೆ. ಗುಣಿಸುವ ಲೆಕ್ಕದಲ್ಲಿ ಅದು ಇಡೀ ಮೊತ್ತವನ್ನೇ ತಲೆಕೆಳಗು ಮಾಡುತ್ತದೆ: ಜಾಣನೂ ಶ್ರಮಜೀವಿಯೂ ಆದ ಕೆಟ್ಟವನು ಸೋಮಾರಿಯಾದ ಕೆಟ್ಟವನಿಗಿಂತ ಎಷ್ಟೋ ಪಾಲು ಹೆಚ್ಚು ಹಾನಿ ಮಾಡುತ್ತಾನೆ.

1966ರಲ್ಲಿ ಅಮೆರಿಕದ ಐಬಿಎಂ ಕಂಪನಿ ತನ್ನ ಹೊಸ ಕಂಪ್ಯೂಟರಿಗಾಗಿ 2.5 ಕೋಟಿ ಸೆರಾಮಿಕ್ ಬಿಲ್ಲೆಗಳ ಬೇಡಿಕೆ ಕೊಟ್ಟಿತು. ಕ್ಯೋಟೊದ ಈ ಚಿಕ್ಕ ಕಂಪನಿ ಜಗತ್ತಿನ ಕಣ್ಣಿಗೆ ಬಿದ್ದದ್ದು ಆಗ. ಆಲ್ಫ್ರೆಡ್‌ನ ನಂಟು ಹುಟ್ಟುವುದೂ ಈ ಸೆರಾಮಿಕ್ ವಿದ್ಯೆಯ ಕಡೆಯಿಂದಲೇ. 1900ರಲ್ಲಿ ಸ್ಥಾಪನೆಯಾದ ನ್ಯೂಯಾರ್ಕ್ ರಾಜ್ಯದ ಸೆರಾಮಿಕ್ಸ್ ಕಾಲೇಜು ಇರುವುದು ಅಲ್ಲಿ. ಆ ವಿದ್ಯೆ ಕಲಿತವರಿಗೆ ಅದೊಂದು ಯಾತ್ರಾಸ್ಥಳ. ಮೇಣದಿಂದ ಫಾರ್‌ಸ್ಟರೈಟಿಗೆ ಆಕಾರ ಕೊಟ್ಟವರ ಹೆಸರು ಅಲ್ಲಿನ ಶಾಲೆಗೆ ಒಪ್ಪುತ್ತದೆ.

1984ರಲ್ಲಿ ಎರಡು ದೊಡ್ಡ ನಿರ್ಧಾರಗಳಾದವು. ಜಪಾನಿನ ದೂರವಾಣಿ ಕ್ಷೇತ್ರ ಖಾಸಗಿಯವರಿಗೆ ತೆರೆಯುವುದರಲ್ಲಿತ್ತು. ಸರ್ಕಾರಿ ದೈತ್ಯನಿಗೆ ಎದುರಾಗಿ ಕಂಪನಿ ಕಟ್ಟುವ ಮುನ್ನ ಇನಾಮೊರಿ ಆರು ತಿಂಗಳು ಪ್ರತಿ ರಾತ್ರಿ ತಮ್ಮನ್ನೇ ಕೇಳಿಕೊಂಡರಂತೆ: ಉದ್ದೇಶ ಒಳ್ಳೆಯದೇ? ಅದರಲ್ಲಿ ಸ್ವಾರ್ಥವಿಲ್ಲವೇ? ಕಡೆಗೆ ಡಿಡಿಐ ಸ್ಥಾಪಿಸಿದರು. ಪ್ರತಿಸ್ಪರ್ಧಿಗಳಿಗೆ ರೈಲು ಹಳಿ, ಹೆದ್ದಾರಿಗಳ ಪಕ್ಕ ತಂತಿ ಎಳೆಯುವ ಅನುಕೂಲವಿತ್ತು; ಇವರು ಬೆಟ್ಟದ ತುದಿಗಳಲ್ಲಿ ಮೈಕ್ರೋವೇವ್ ಗೋಪುರಗಳನ್ನು ನಿಲ್ಲಿಸಬೇಕಾಯಿತು. ಆ ಕಂಪನಿಯ ಒಂದು ಷೇರನ್ನೂ ತಮಗೆಂದು ಇಟ್ಟುಕೊಳ್ಳಲಿಲ್ಲ. 2000ದಲ್ಲಿ ಅದು ಇನ್ನೆರಡರೊಂದಿಗೆ ಸೇರಿ ಕೆಡಿಡಿಐ ಆಯಿತು. ಇನ್ನೊಂದು ನಿರ್ಧಾರ ಸುಮಾರು 2,000 ಕೋಟಿ ಯೆನ್ ಸ್ವಂತ ಸಂಪತ್ತಿನಿಂದ ಪ್ರತಿಷ್ಠಾನವೊಂದನ್ನು ಕಟ್ಟಿ, 1985ರಿಂದ ಕ್ಯೋಟೊ ಪ್ರಶಸ್ತಿ ಕೊಡತೊಡಗಿದ್ದು. ತಂತ್ರಜ್ಞಾನ, ಮೂಲವಿಜ್ಞಾನಗಳ ಜೊತೆ ಕಲೆ ಮತ್ತು ತತ್ತ್ವಶಾಸ್ತ್ರಕ್ಕೂ ಅಲ್ಲಿ ಸಮನಾದ ಸ್ಥಾನವಿದೆ. 2012ರಲ್ಲಿ ನಮ್ಮ ಸಾಹಿತ್ಯ ಚಿಂತಕಿ ಗಾಯತ್ರಿ ಚಕ್ರವರ್ತಿ ಸ್ಪಿವಾಕ್ ಅದನ್ನು ಪಡೆದರು.

ದೀಕ್ಷೆಯ ವಿಷಯ ಹೇಳುವ ಮೊದಲು ಒಂದು ಪದವನ್ನು ಬಿಡಿಸಿ ನೋಡಬೇಕು. ‘ಸನ್ಯಾಸ’ ಎಂದೊಡನೆ ಮನೆಮಠ ತೊರೆದು, ಹಿಂದಿರುಗದೆ ಹೋಗುವುದು ಎಂದು ನಮಗೆ ತೋರುತ್ತದೆ. ಜಪಾನಿನಲ್ಲಿ 1872ರ ಸರ್ಕಾರಿ ಆದೇಶವೊಂದು ಭಿಕ್ಷುಗಳು ಮದುವೆಯಾಗುವುದನ್ನೂ ಮಾಂಸ ತಿನ್ನುವುದನ್ನೂ ಅವರವರ ಇಚ್ಛೆಗೆ ಬಿಟ್ಟಿತು. ಇಂದು ಅಲ್ಲಿ ಸಂಸಾರವಂದಿಗ ಭಿಕ್ಷುಗಳೇ ಹೆಚ್ಚು. ‘ತೊಕುದೊ’ ಎಂಬ ದೀಕ್ಷೆಯಲ್ಲಿ ಮುಂಡನವಿದೆ, ಹೊಸ ಹೆಸರಿದೆ, ವ್ರತಗಳಿವೆ. ಆದರೆ ದೀಕ್ಷೆ ಪಡೆದವನು ಗೃಹಸ್ಥನಾಗಿಯೇ ಬದುಕು ಮುಂದುವರಿಸಬಹುದು. ಇನಾಮೊರಿ ಯಾವ ಮಠದ ಪೀಠವನ್ನೂ ಏರಲಿಲ್ಲ, ಪಂಥ ಕಟ್ಟಲಿಲ್ಲ.

ಅವರ ಲೆಕ್ಕ ಹೀಗಿತ್ತು: ಮೊದಲ ಇಪ್ಪತ್ತು ವರ್ಷ ಜಗತ್ತಿಗೆ ಬರುವ ಸಿದ್ಧತೆ, ನಡುವಿನ ನಲವತ್ತು ವರ್ಷ ದುಡಿಮೆ, ಕೊನೆಯ ಇಪ್ಪತ್ತು ವರ್ಷ ಸಾವಿನ ಸಿದ್ಧತೆ. ಕೆಲಸಗಳ ಒತ್ತಡದಿಂದ ಅರವತ್ತು ದಾಟಿ ಅರವತ್ತೈದಾಯಿತು. 1997ರಲ್ಲಿ ದಿನ ಗೊತ್ತುಮಾಡಿಕೊಂಡಾಗ ಹೊಟ್ಟೆಯ ಕ್ಯಾನ್ಸರ್ ಪತ್ತೆಯಾಯಿತು. ಶಸ್ತ್ರಚಿಕಿತ್ಸೆ ಮುಗಿಸಿ, ಇನ್ನೂ ಪೂರ್ತಿ ಚೇತರಿಸಿಕೊಳ್ಳದಿದ್ದರೂ, ಆ ಸೆಪ್ಟೆಂಬರಿನಲ್ಲಿ ಕ್ಯೋಟೊದ ದಕ್ಷಿಣಕ್ಕಿರುವ ಯವಾತದ ಎನ್‌ಪುಕುಜಿ ಎಂಬ, ಝೆನ್ ಪಂಥದ ರಿಂಝೈ ಶಾಖೆಯ ಮಠದಲ್ಲಿ ದೀಕ್ಷೆ ಪಡೆದರು. ಸಿಕ್ಕ ಹೆಸರು ದೈವಾ.

ಚಳಿ ಶುರುವಾಗುವ ಹೊತ್ತಿಗೆ ಮಠದಲ್ಲಿ ಉಳಿದು, ಇತರ ಸಾಧಕರೊಂದಿಗೆ ಭಿಕ್ಷಾಟನೆಗೆ ಹೋದರು. ಬಿದಿರಿನ ಟೊಪ್ಪಿಗೆ, ಕೊರಳಿಗೆ ಜೋಳಿಗೆ, ಕಾಲಿಗೆ ಹುಲ್ಲಿನ ಚಪ್ಪಲಿ. ಚಪ್ಪಲಿಯಿಂದ ಹೊರಗೆ ಚಾಚಿದ ಬೆರಳುಗಳು ಡಾಂಬರು ರಸ್ತೆಗೆ ಉಜ್ಜಿ ರಕ್ತ ಬಂತು. ಸಂಜೆ ಹಿಂದಿರುಗುವಾಗ ಉದ್ಯಾನದಲ್ಲಿ ಕಸ ಗುಡಿಸುತ್ತಿದ್ದ ವಯಸ್ಸಾದ ಹೆಂಗಸೊಬ್ಬರು ಪೊರಕೆ ಹಿಡಿದೇ ಹತ್ತಿರ ಬಂದು, ಜೋಳಿಗೆಗೆ ಒಂದು ನಾಣ್ಯ ಹಾಕಿದರು. ದಣಿದಿದ್ದೀರಿ, ದಾರಿಯಲ್ಲಿ ಬ್ರೆಡ್ಡು ತೆಗೆದುಕೊಂಡು ತಿನ್ನಿ ಎಂದರು. ಕೋಟಿಗಳ ಲೆಕ್ಕ ನೋಡಿದ್ದ ಮನುಷ್ಯನಿಗೆ ಆ ನಾಣ್ಯದಿಂದ ಮೈಯೆಲ್ಲ ನಡುಗುವಂಥ ಸುಖವಾಯಿತು. ಹೆಂಗಸಿನ ಸ್ಥಿತಿ ತನಗಿಂತ ಅನುಕೂಲವಾದದ್ದಲ್ಲ, ಆದರೂ ಹಿಂದುಮುಂದು ನೋಡದೆ ಕೊಟ್ಟರು. ತಾವು ದಶಕಗಳಿಂದ ಕಾರ್ಖಾನೆಯಲ್ಲಿ ಹೇಳಿಕೊಂಡು ಬಂದ ‘ರಿತ’, ಅಂದರೆ ಪರಹಿತ, ಎಂಬ ಮಾತಿನ ಅರ್ಥ ಆಗ ಪೂರ್ತಿ ತಿಳಿಯಿತೆಂದು ಅವರು ಬರೆದುಕೊಂಡಿದ್ದಾರೆ.

ಅವರ ನಿಜವಾದ ಶಿಷ್ಯವರ್ಗ ಮಠದ ಹೊರಗಿತ್ತು. 1983ರಲ್ಲಿ ಕ್ಯೋಟೊದ ಕೆಲವು ಯುವ ಉದ್ಯಮಿಗಳು ಪಾಠ ಹೇಳಿಕೊಡಿ ಎಂದು ಕೇಳಿಕೊಂಡಿದ್ದರಿಂದ ಹುಟ್ಟಿದ ‘ಸೇವಾ-ಜುಕು’ ಎಂಬ ಅಧ್ಯಯನ ಬಳಗ ಮುಂದೆ ಸುಮಾರು 15,000 ಸದಸ್ಯರಿಗೆ ಬೆಳೆಯಿತು. 2019ರ ಕೊನೆಗೆ ಅವರೇ ಅದನ್ನು ಮುಚ್ಚಿದರು. ಇದು ನನ್ನ ಕಾಲಕ್ಕೆ ಮುಗಿಯಬೇಕು, ನನ್ನ ಹೆಸರಿನಲ್ಲಿ ಯಾರೂ ಗುರುಪೀಠ ನಡೆಸಬಾರದು ಎಂಬುದು ಅವರ ನಿಲುವು. ಅನುಯಾಯಿಗಳಿರುವವರು ಇಂಥ ನಿರ್ಧಾರ ಮಾಡುವುದು ಎಷ್ಟು ಅಪರೂಪ!

ದಿವಾಳಿಯಾದ ಜಪಾನ್ ಏರ್‌ಲೈನ್ಸ್ ಕಥೆ ಅವರ ಹಿರಿಮೆಯನ್ನೂ ತೋರಿಸುತ್ತದೆ, ಅವರ ಮೇಲಿರುವ ಕಠಿಣ ಪ್ರಶ್ನೆಯನ್ನೂ ಎತ್ತುತ್ತದೆ. 2010ರ ಜನವರಿಯಲ್ಲಿ ಸುಮಾರು 2.3 ಲಕ್ಷ ಕೋಟಿ ಯೆನ್ ಹೊಣೆ ಹೊತ್ತು ಆ ಕಂಪನಿ ಕುಸಿಯಿತು. ಸರ್ಕಾರ ಕೇಳಿಕೊಂಡಾಗ ಇನಾಮೊರಿ ಅಧ್ಯಕ್ಷರಾದರು. ಮೊದಲು ಹಿರಿಯ ಅಧಿಕಾರಿಗಳನ್ನು ಕೂರಿಸಿ ನೀತಿಪಾಠ ಹೇಳಿದರು. ಓದಿದ ಜನ, ಮೊದಮೊದಲು ಮುಖ ಸಿಂಡರಿಸಿದರು. ಜೊತೆಗೆ ಲೆಕ್ಕವನ್ನು ಮಾರ್ಗವಾರು ಒಡೆದರು. ತಿಂಗಳುಗಟ್ಟಲೆ ಕಾದು ತಿಳಿಯುತ್ತಿದ್ದ ಲಾಭ ನಷ್ಟ ಈಗ ವಿಮಾನ ಹಾರಿದ ಮರುದಿನವೇ ಕಾಣತೊಡಗಿತು. 2012ರ ಮಾರ್ಚಿಗೆ ಮುಗಿದ ವರ್ಷದಲ್ಲಿ 20,000 ಕೋಟಿ ಯೆನ್ ದಾಟಿದ ನಿರ್ವಹಣಾ ಲಾಭ, ಅದೇ ಸೆಪ್ಟೆಂಬರಿನಲ್ಲಿ ಷೇರುಪೇಟೆಗೆ ಮರಳಿಕೆ.

ಆದರೆ ಇದು ನೀತಿಪಾಠದಿಂದ ಮಾತ್ರ ಆದದ್ದಲ್ಲ. ಸಾಲದ ದೊಡ್ಡ ಭಾಗ ಮನ್ನಾ ಆಗಿತ್ತು, 35,000 ಕೋಟಿ ಯೆನ್ ಸಾರ್ವಜನಿಕ ಹಣ ಬಂದಿತ್ತು, ಸುಮಾರು 16,000 ಜನ ಕೆಲಸ ಕಳೆದುಕೊಂಡಿದ್ದರು. 2010ರ ಡಿಸೆಂಬರ್ 31ರಂದು 165 ಪೈಲಟ್‌ಗಳು ಮತ್ತು ವಿಮಾನ ಸಿಬ್ಬಂದಿಯನ್ನು ವಜಾ ಮಾಡಲಾಯಿತು; ಆ ವಿವಾದ ನ್ಯಾಯಾಲಯಗಳ ಮೆಟ್ಟಿಲೇರಿತು. 1974ರ ತೈಲ ಬಿಕ್ಕಟ್ಟಿನಲ್ಲಿ ಕ್ಯೋಸೆರಾದ ಬೇಡಿಕೆ ಹತ್ತರಲ್ಲಿ ಒಂದು ಪಾಲಿಗೆ ಇಳಿದಾಗ ಒಬ್ಬರನ್ನೂ ತೆಗೆಯದೆ, ಕೆಲಸವಿಲ್ಲದವರಿಗೆ ಅಂಗಳದ ಕಳೆ ಕೀಳಲು ಹೇಳಿದ ಮನುಷ್ಯ ಇವರೇ. ಜಪಾನ್ ಏರ್‌ಲೈನ್ಸಿನ ಕಠಿಣ ಕ್ರಮಗಳಿಗೆ ಇನಾಮೊರಿ ಒಂದು ಬೌದ್ಧ ನುಡಿಯನ್ನು ಆಧಾರವಾಗಿ ಹೇಳುತ್ತಿದ್ದರು: ಚಿಕ್ಕ ಒಳಿತು ದೊಡ್ಡ ಕೆಡುಕಿನಂತೆ, ದೊಡ್ಡ ಒಳಿತು ನಿರ್ದಯೆಯಂತೆ ಕಾಣುತ್ತದೆ. ಉಳಿದ 32,000 ಜನರ ದೃಷ್ಟಿಯಿಂದ ಅದು ನಿಜವಿರಬಹುದು. ವರ್ಷದ ಕೊನೆಯ ದಿನ ಕೆಲಸ ಕಳೆದುಕೊಂಡವರಿಗೆ ಆ ನುಡಿ ಸಮಾಧಾನ ಕೊಟ್ಟಿರಲಾರದು. ಅವರನ್ನು ಗೌರವಿಸುವವರು ಈ ಪುಟವನ್ನು ಮಗುಚಿ ಹಾಕಬಾರದೆಂದು ನನ್ನ ಗಟ್ಟಿ ಅಭಿಪ್ರಾಯ.

ಹಾಗಾದರೆ ವಿಶ್ವವಿದ್ಯಾಲಯಗಳು ಗೌರವಿಸಿದ್ದು ಏನನ್ನು? ವಿಶ್ವವಿದ್ಯಾಲಯಗಳು ಸಾಮಾನ್ಯವಾಗಿ ಕೊಡುವ ಗೌರವ ಡಾಕ್ಟರೇಟ್ ಎಂದರೆ ಓದದೆ, ಪರೀಕ್ಷೆ ಬರೆಯದೆ ಸಿಗುವ ಪದವಿ. ಸಾಧನೆಯನ್ನು ಸಂಸ್ಥೆ ಗುರುತಿಸಿದೆ ಎಂಬುದಷ್ಟೇ ಅದರ ಅರ್ಥ. ಕಟ್ಟಡಕ್ಕೆ, ಶಾಲೆಗೆ ಹೆಸರಿಡುವುದು ಬೇರೆಯದೇ ವ್ಯವಹಾರ. ಅದರ ಹಿಂದೆ ಸಾಮಾನ್ಯವಾಗಿ ದೊಡ್ಡ ಕೊಡುಗೆ ಇರುತ್ತದೆ. ಕ್ಲೀವ್‌ಲ್ಯಾಂಡಿನ ಕೇಂದ್ರಕ್ಕೂ ಇನಾಮೊರಿ ಪ್ರತಿಷ್ಠಾನ ಒಂದು ಕೋಟಿ ಡಾಲರ್ ಕೊಟ್ಟಿದೆ. ಹಣ ಕೊಟ್ಟವರ ಹೆಸರನ್ನು ನೀತಿಶಾಸ್ತ್ರಕ್ಕೇ ಇಡುವುದೆಂದರೆ ಸಂಶಯ ಸಹಜ. ನಾನು ನೋಡುವುದು ಆ ಹೆಸರಿನಡಿ ಏನು ನಡೆಯುತ್ತಿದೆ ಎಂಬುದನ್ನು. ಅಲ್ಲಿ 2008ರಿಂದ ಕೊಡುತ್ತಿರುವ ನೀತಿ ಪ್ರಶಸ್ತಿಯನ್ನು ಮೊದಲು ಪಡೆದವರು ತಳಿವಿಜ್ಞಾನಿ ಫ್ರಾನ್ಸಿಸ್ ಕಾಲಿನ್ಸ್. ಮರುವರ್ಷ ಐರ್ಲೆಂಡಿನ ಮಾಜಿ ಅಧ್ಯಕ್ಷೆ ಮೇರಿ ರಾಬಿನ್ಸನ್. ದಾನಿಯ ಸ್ತುತಿಗೆ ಕಟ್ಟಿದ ಪೀಠ ಹೀಗೆ ಬೇರೆಯವರನ್ನು ಹುಡುಕಿಕೊಂಡು ಹೋಗುವುದಿಲ್ಲ. ಕೊರತೆ ಎಂದರೆ ಇಷ್ಟೇ: ಒಂದು ವಿಶ್ವವಿದ್ಯಾಲಯ ಆವಿಗೆಯನ್ನು ಎತ್ತಿಕೊಂಡಿತು, ಇನ್ನೊಂದು ನೀತಿಯನ್ನು. ಎರಡನ್ನೂ ಜೋಡಿಸಿದ್ದ ಆ ಜಮಾಖರ್ಚಿನ ಪುಸ್ತಕ ನಡುವೆ ಎಲ್ಲೋ ಉಳಿದುಹೋಯಿತು.

ಇನಾಮೊರಿ 2022ರ ಆಗಸ್ಟ್ 24ರಂದು ಕ್ಯೋಟೊದಲ್ಲಿ, ತೊಂಬತ್ತನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರ ಹೆಸರು ಕಾಣಸಿಗುವ ಇನ್ನೊಂದು ವಿಶ್ವವಿದ್ಯಾಲಯವಿದೆ, ಅವರು ಓದಿದ ಕಾಗೊಶಿಮಾದ್ದು. ಅಲ್ಲಿ 1994ರಲ್ಲಿ ವಾಸ್ತುಶಿಲ್ಪಿ ತದಾವೊ ಆಂದೊ ವಿನ್ಯಾಸದಲ್ಲಿ ಕಟ್ಟಿದ ಇನಾಮೊರಿ ಭವನದ ಒಳಗೆ, ಮೊಟ್ಟೆಯಾಕಾರದ ಒಂದು ಸಭಾಂಗಣವಿದೆ. ಅದಕ್ಕೆ ಇಟ್ಟಿರುವುದು ಅವರ ಹೆಸರಲ್ಲ. ‘ಕಿಮಿ ಮತ್ತು ಕೆಸಾ ಸ್ಮಾರಕ ಸಭಾಂಗಣ’ ಎಂದಿದೆ. ಕಿಮಿ ಅವರ ತಾಯಿ. ಕೆಸಾ, ಅಂದರೆ ಕೆಸಾಇಚಿ, ಲಾಟೀನು ಹಿಡಿದು ಅವರನ್ನು ಬೆಟ್ಟಕ್ಕೆ ಕರೆದುಕೊಂಡು ಹೋದ ತಂದೆ.